ಹನ್ನೊಂದು ಜನ ಸುಮ್ಮನಿದ್ದ ಆರು ನಿಮಿಷ

ಅಮೆರಿಕದ ಜಾಝ್ ರಚನೆಕಾರ, ಪಿಯಾನೋ ವಾದಕ, ಬ್ಯಾಂಡ್ ಮುಖಂಡ ಡ್ಯೂಕ್ ಎಲಿಂಗ್ಟನ್ ಅವರ ‘ಎಲಿಂಗ್ಟನ್ ಅಟ್ ನ್ಯೂಪೋರ್ಟ್’ ಆಲ್ಬಂ ವಿಷಯದಲ್ಲಿ ಒಂದು ಪ್ರಶ್ನೆ ನನ್ನನ್ನು ತುಂಬಾ ವರ್ಷ ಕಾಡಿತು. ಆ ಆಲ್ಬಂ ಹೆಸರು ಮಾಡಿದ್ದೇ ಪಾಲ್ ಗೊನ್ಸಾಲ್ವಿಸ್ ಅವರ ಟೆನರ್ ಸ್ಯಾಕ್ಸೊಫೋನ್ ಸೋಲೋದಿಂದ, ಅಂದರೆ ಒಬ್ಬರೇ ಮುಂದೆ ನಿಂತು ನುಡಿಸುವ ಭಾಗದಿಂದ. ಜಾಝ್ ಬಗ್ಗೆ ಬರೆಯುವವರು ಅದನ್ನು ನೆನೆಯದೆ ಮುಂದೆ ಹೋಗುವುದೇ ಇಲ್ಲ. ಆದರೆ 1956ರ ಆ ಎಲ್ಪಿ ಹಾಕಿದರೆ ಎಲ್ಲಕ್ಕಿಂತ ದೂರದಲ್ಲಿ ಕೇಳುವುದು ಅದೇ ಸ್ಯಾಕ್ಸೊಫೋನ್. ಡ್ರಮ್ಸ್ ಹತ್ತಿರದಲ್ಲಿದೆ. ಬೇಸ್ ಚೆನ್ನಾಗಿ ಕೇಳುತ್ತದೆ. ಜನರ ಕೂಗಾಟ ಕಿವಿಯ ಪಕ್ಕದಲ್ಲೇ ಇದೆ. ಯಾರಿಗಾಗಿ ಅಷ್ಟು ಕೂಗುತ್ತಿದ್ದಾರೋ ಆ ಮನುಷ್ಯ ಮಾತ್ರ ಎಲ್ಲೋ ಹಿಂದೆ ನಿಂತು ಊದುತ್ತಿದ್ದಾರೆ.

ನಾನು ಮೊದಲು ಕೇಳಿದ್ದು ಬಸವನಗುಡಿಯ ಗೆಳೆಯನೊಬ್ಬನ ಮನೆಯಲ್ಲಿ. ಅವನ ಅಣ್ಣ ಯಾರದೋ ಎಲ್ಪಿಯಿಂದ ಕಾಪಿ ಮಾಡಿಕೊಂಡು ತಂದ ಕ್ಯಾಸೆಟ್ಟು ಅದು. ಮಧ್ಯಾಹ್ನದ ಊಟ ಆಗಿತ್ತು, ಮನೆಯಲ್ಲಿ ಹಿರಿಯರು ಮಲಗಿದ್ದರು. ದನಿ ಜಾಸ್ತಿ ಮಾಡುವ ಹಾಗಿರಲಿಲ್ಲ. ಹಾಗಾಗಿ ನಾವು ಮೂವರೂ ನೆಲದ ಮೇಲೆ ಕೂತು, ಸ್ಪೀಕರಿಗೆ ತಲೆ ಹತ್ತಿರ ಇಟ್ಟುಕೊಂಡು ಕೇಳಿದೆವು. ಅಣ್ಣ ಬೆರಳೆತ್ತಿ ಸೋಲೋದ ಒಂದೊಂದು ಸುತ್ತು ಎಣಿಸುತ್ತಿದ್ದರು. ಹತ್ತು ದಾಟಿದ ಮೇಲೆ ಎಣಿಸುವುದನ್ನು ಬಿಟ್ಟು ಸುಮ್ನೆ ತೊಡೆ ತಟ್ಟಲು ಶುರು ಮಾಡಿದರು. ಮುಗಿದ ಮೇಲೆ ಗೆಳೆಯ ಕೇಳಿದ: “ಅಣ್ಣಾ, ಆ ಸ್ಯಾಕ್ಸೊಫೋನಿನವರಿಗೆ ಮೈಕ್ ಕೊಟ್ಟಿರಲಿಲ್ವಾ?” ಅಣ್ಣ “ಗೊತ್ತಿಲ್ಲ ಕಣೋ, ಇನ್ನೊಂದು ಸಲ ಹಾಕ್ತೀನಿ ಇರು” ಅಂದರು. ಅವನು ಕೇಳಿದ್ದು ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಿಕೊಂಡು ಹೋದರೆ ‘ಲೈವ್ ಆಲ್ಬಂ’ ಅನ್ನುವುದರ ಬಗ್ಗೆಯೇ ಬೇರೆ ಥರ ಯೋಚಿಸಬೇಕಾಗುತ್ತದೆ.

ಇನ್ನೊಂದು ವಿಷಯವೂ ಇತ್ತು. ಆಲ್ಬಂನ ಮೊದಲ ಬದಿಯಲ್ಲಿ ‘ನ್ಯೂಪೋರ್ಟ್ ಜಾಝ್ ಫೆಸ್ಟಿವಲ್ ಸ್ವೀಟ್’ ಇದೆ. ಸ್ವೀಟ್ (suite) ಅಂದರೆ ಹಲವು ಭಾಗಗಳ ಒಂದು ರಚನೆ. ಅಲ್ಲಿ ಎಲ್ಲವೂ ಅಚ್ಚುಕಟ್ಟು. ಯಾವ ವಾದ್ಯವೂ ದೂರವಿಲ್ಲ. ಚಪ್ಪಾಳೆ ಬರಬೇಕಾದ ಕಡೆ ಬಂದು, ನಿಲ್ಲಬೇಕಾದ ಕಡೆ ನಿಲ್ಲುತ್ತದೆ. ಒಂದೇ ರಾತ್ರಿ, ಒಂದೇ ವೇದಿಕೆ, ಅದೇ ಬ್ಯಾಂಡ್ ಅಂತ ಕವರ್ ಹೇಳುತ್ತದೆ. ಕಿವಿ ಮಾತ್ರ ಅದನ್ನು ಒಪ್ಪುವುದಿಲ್ಲ.

ಆ ರಾತ್ರಿಗೆ ಮೊದಲು

1956ರ ಹೊತ್ತಿಗೆ ಬಿಗ್ ಬ್ಯಾಂಡ್ ಅನ್ನುವುದೇ ಕಷ್ಟದ ಬದುಕಾಗಿತ್ತು. ಹದಿನೈದು ಜನರಿಗೆ ಸಂಬಳ ಕೊಡಬೇಕು, ಬಸ್ಸಿನಲ್ಲಿ ಊರಿಂದ ಊರಿಗೆ ಕರೆದುಕೊಂಡು ಹೋಗಬೇಕು, ಊಟ, ರೂಮು ಎಲ್ಲ ನೋಡಬೇಕು. ಜನ ಬಿಗ್ ಬ್ಯಾಂಡ್ ಸಂಗೀತಕ್ಕೆ ಡಾನ್ಸ್ ಮಾಡುವುದನ್ನು ಬಿಟ್ಟಿದ್ದರು. ಜಾಝ್ ನಾಲ್ಕೈದು ಜನರ ಸಣ್ಣ ಗುಂಪುಗಳ ಕೈಗೆ ಹೋಗಿತ್ತು. ಹುಡುಗರು ರಾಕ್ ಅಂಡ್ ರೋಲ್ ಕಡೆ ಹೊರಟಿದ್ದರು. ಬಹಳಷ್ಟು ದೊಡ್ಡ ಬ್ಯಾಂಡುಗಳು ಮುಚ್ಚಿದವು. ಎಲಿಂಗ್ಟನ್ ಮಾತ್ರ ಮುಚ್ಚಲಿಲ್ಲ. ತಾವು ಬರೆದ ಹಾಡುಗಳಿಂದ ಬರುತ್ತಿದ್ದ ರಾಯಲ್ಟಿಯನ್ನು ತಂದು ಬ್ಯಾಂಡಿಗೆ ಸುರಿಯುತ್ತಿದ್ದರು. ತಮ್ಮ ಸಂಗೀತವನ್ನು ಬರೆದ ಮರುದಿನವೇ ಕೇಳಬೇಕು, ಅದಕ್ಕೆ ಬ್ಯಾಂಡ್ ಬೇಕು ಅನ್ನುವುದು ಅವರ ಹಟ. 1951ರಲ್ಲಿ ಅವರ ದೊಡ್ಡ ಆಸ್ತಿಯಾಗಿದ್ದ ಆಲ್ಟೊ ಸ್ಯಾಕ್ಸ್ ವಾದಕ ಜಾನಿ ಹಾಜಸ್ ಬಿಟ್ಟು ಹೋದರು, 1955ರಲ್ಲಿ ವಾಪಸ್ ಬಂದರು. ಅದೇ 1955ರ ಬೇಸಿಗೆಯಲ್ಲಿ ಈ ಬ್ಯಾಂಡ್ ನ್ಯೂಯಾರ್ಕಿನ ಫ್ಲಶಿಂಗ್‌ನಲ್ಲಿ ನೀರಾಟದ ಪ್ರದರ್ಶನವೊಂದಕ್ಕೆ ಹಿನ್ನೆಲೆ ನುಡಿಸುತ್ತಿತ್ತು. ಅಮೆರಿಕ ಕಂಡ ಅತಿ ದೊಡ್ಡ ಸಂಗೀತಗಾರರಲ್ಲಿ ಒಬ್ಬರು, ವಯಸ್ಸು 56, ಬೇಸಿಗೆ ಕಳೆಯಲು ಸಿಕ್ಕಿದ್ದು ಅಂಥ ಕೆಲಸ. ಅದನ್ನು ನೆನೆದರೆ ನನಗೆ ಈಗಲೂ ಸಂಕಟ ಆಗುತ್ತದೆ.

ರೋಡ್ ಐಲೆಂಡ್ ರಾಜ್ಯದ ನ್ಯೂಪೋರ್ಟ್ ಹಣವಂತರ ಬೇಸಿಗೆ ಊರು. ಸಮುದ್ರದ ದಂಡೆಯಲ್ಲಿ ಅರಮನೆಯಂಥ ಬಂಗಲೆಗಳು. 1954ರಲ್ಲಿ ಅಲ್ಲಿನ ಲೋರಿಲ್ಲಾರ್ಡ್ ದಂಪತಿಯ ಬೆಂಬಲದಿಂದ ಜಾರ್ಜ್ ವೈನ್ ಜಾಝ್ ಉತ್ಸವ ಶುರು ಮಾಡಿದರು. 1956ರದ್ದು ಮೂರನೆಯದು, ಫ್ರೀಬಾಡಿ ಪಾರ್ಕ್ ಮೈದಾನದಲ್ಲಿ. ಜುಲೈ 7, ಶನಿವಾರ ರಾತ್ರಿ ಎಲಿಂಗ್ಟನ್ ಬ್ಯಾಂಡಿನ ಸರದಿ. ತಮ್ಮ ಜೊತೆ ಸಂಗೀತ ಬರೆಯುತ್ತಿದ್ದ ಬಿಲ್ಲಿ ಸ್ಟ್ರೇಹಾರ್ನ್ ಅವರೊಂದಿಗೆ ಸೇರಿ ಈ ಉತ್ಸವಕ್ಕೆಂದೇ ಅವರು ಹೊಸ ಸ್ವೀಟ್ ಬರೆದಿದ್ದರು. ಕೊಲಂಬಿಯಾ ರೆಕಾರ್ಡ್ ಕಂಪನಿಯ ನಿರ್ಮಾಪಕ ಜಾರ್ಜ್ ಅವಾಕಿಯನ್ ಅದನ್ನು ರೆಕಾರ್ಡ್ ಮಾಡಲು ಬಂದಿದ್ದರು.

ಶುರುವೇ ಕೆಟ್ಟದಾಗಿತ್ತು. ಎಂಟೂವರೆ ಹೊತ್ತಿಗೆ ಬ್ಯಾಂಡ್ ವೇದಿಕೆ ಹತ್ತಿದಾಗ ನಾಲ್ವರು ನಾಪತ್ತೆ. ಅವರಲ್ಲಿ ಬೇಸ್ ವಾದಕ ಜಿಮ್ಮಿ ವುಡ್, ಟ್ರಂಪೆಟ್‌ನ ಕ್ಲಾರ್ಕ್ ಟೆರಿ ಕೂಡ ಇದ್ದರು. ರಾಷ್ಟ್ರಗೀತೆ ನುಡಿಸಿ, ಒಂದೆರಡು ಹಳೆಯವನ್ನು ನುಡಿಸಿ ಇಳಿದರು. ಆಮೇಲೆ ಬೇರೆ ಬೇರೆ ಗುಂಪುಗಳು ಬಂದವು, ಹೋದವು. ಎಲಿಂಗ್ಟನ್ ಅವರನ್ನು ಮತ್ತೆ ಕರೆದದ್ದು ಮಧ್ಯರಾತ್ರಿಗೆ ಹತ್ತಿರ. ಆ ಹೊತ್ತಿಗೆ ಜನ ಎದ್ದು ಮನೆಗೆ ಹೊರಡಲು ಶುರು ಮಾಡಿದ್ದರು. ನಾವೇನು ಸರ್ಕಸ್ಸಿನ ಪ್ರಾಣಿಗಳಾ ಅನ್ನುವ ಅರ್ಥದಲ್ಲಿ ಎಲಿಂಗ್ಟನ್ ವೈನ್ ಅವರನ್ನು ಕೇಳಿದರಂತೆ. ಕೇಳದೆ ಇರುತ್ತಾರಾ?

ಸ್ವೀಟ್ ನುಡಿಸಿದರು. ಜನ ಮರ್ಯಾದೆಯಿಂದ ಚಪ್ಪಾಳೆ ತಟ್ಟಿದರು, ಅಷ್ಟೇ. ಆಮೇಲೆ ಇನ್ನೂ ಒಂದೆರಡು. ಆಮೇಲೆ ಎಲಿಂಗ್ಟನ್ ಒಂದು ಹಳೆಯ ಬ್ಲೂಸ್ ನುಡಿಸಲು ಹೇಳಿದರು: ‘ಡಿಮಿನ್ಯುಎಂಡೊ ಅಂಡ್ ಕ್ರೆಶೆಂಡೊ ಇನ್ ಬ್ಲೂ’.

ಇಪ್ಪತ್ತೇಳು ಸುತ್ತು

ಇದು 1937ರ ರಚನೆ. ಆಗಿನ 78 ಆರ್‌ಪಿಎಂ ತಟ್ಟೆಯ ಎರಡು ಬದಿಗೆ ಎರಡು ಭಾಗ. ಮೊದಲ ಭಾಗ ಇಡೀ ಬ್ಯಾಂಡಿನ ಅಬ್ಬರದಿಂದ ಶುರುವಾಗಿ ಸಣ್ಣಗಾಗುತ್ತಾ ಹೋಗುತ್ತದೆ. ಎರಡನೆಯದು ಮೆಲುದನಿಯಲ್ಲಿ ಶುರುವಾಗಿ ಏರುತ್ತಾ ಹೋಗುತ್ತದೆ. ನಡುವೆ ಏನು ಹಾಕುವುದು ಅನ್ನುವುದು ವರ್ಷಗಳ ಕಾಲ ಎಲಿಂಗ್ಟನ್ ಅವರಿಗೆ ಬಗೆಹರಿಯಲಿಲ್ಲ. ಕೆಲವು ಸಲ ಒಂದು ಹಾಡು ಹಾಕಿದರು. 1951ರಲ್ಲಿ ನ್ಯೂಯಾರ್ಕಿನ ಬರ್ಡ್‌ಲ್ಯಾಂಡ್ ಕ್ಲಬ್ಬಿನಲ್ಲಿ ಗೊನ್ಸಾಲ್ವಿಸ್ ಅವರಿಗೆ ಆ ಜಾಗ ಬಿಟ್ಟುಕೊಟ್ಟರು. ಅದು ಚೆನ್ನಾಗಿ ಹಿಡಿಯಿತು. ನ್ಯೂಪೋರ್ಟಿನಲ್ಲೂ ಅದನ್ನೇ ಮಾಡೋಣ, ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಊದು ಅಂತ ಹೇಳಿದ್ದರಂತೆ.

ಬ್ಲೂಸ್ ಗೊತ್ತಿಲ್ಲದವರಿಗೆ ಒಂದು ಮಾತು. ಒಂದು ಸುತ್ತಿಗೆ 12 ಬಾರ್, ಒಂದು ಬಾರಿಗೆ ನಾಲ್ಕು ಏಟು. ಐದನೇ ಬಾರಿನಲ್ಲಿ ಹಿನ್ನೆಲೆಯ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಬದಲಾಗುತ್ತದೆ, ಒಂಬತ್ತನೆಯದರಲ್ಲಿ ಇನ್ನೊಮ್ಮೆ, ಆಮೇಲೆ ಹೊರಟ ಜಾಗಕ್ಕೆ ಬಂದು ಸೇರುತ್ತದೆ. ಇಷ್ಟೇ. ಎರಡು ಸುತ್ತು ಕೇಳಿದರೆ ಯಾರಿಗಾದರೂ ದಾರಿ ಗೊತ್ತಾಗುತ್ತದೆ. ಮೂರನೇ ಸುತ್ತಿನಿಂದ ನೀವೂ ಮುಂದೇನು ಅಂತ ಕಾಯಲು ಶುರು ಮಾಡುತ್ತೀರಿ. ಗೊನ್ಸಾಲ್ವಿಸ್ ಇಂಥ 27 ಸುತ್ತು ನುಡಿಸಿದರು. ಅಂದರೆ 324 ಬಾರ್, ಆರು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ, ಎಲ್ಲೂ ನಿಲ್ಲದೆ.

ಈ ಸೋಲೋದ ಸ್ವರಗಳನ್ನು ಮಾತ್ರ ಬಿಡಿಸಿ ನೋಡಿದರೆ ಅದರಲ್ಲಿ ಅಂಥದ್ದೇನಿದೆ ಅಂತ ಕೇಳುವವರಿದ್ದಾರೆ. ಅವರ ಮಾತಿನಲ್ಲಿ ನಿಜವಿದೆ. ಗೊನ್ಸಾಲ್ವಿಸ್ ಇದಕ್ಕಿಂತ ಸೂಕ್ಷ್ಮವಾಗಿ ನುಡಿಸಿದ್ದು ಬೇಕಾದಷ್ಟಿದೆ, ಅದರಲ್ಲೂ ನಿಧಾನದ ಹಾಡುಗಳಲ್ಲಿ. ಇಲ್ಲಿ ಅವರು ತಮ್ಮ ವಿದ್ಯೆಯನ್ನೆಲ್ಲ ತೋರಿಸಲು ಹೋಗುವುದಿಲ್ಲ. ಸಣ್ಣ ಸಣ್ಣ ತುಣುಕುಗಳನ್ನು ಎತ್ತಿಕೊಳ್ಳುತ್ತಾರೆ, ಎರಡು ಮೂರು ಸಲ ಹೇಳುತ್ತಾರೆ, ಸ್ವಲ್ಪ ತಿರುಗಿಸುತ್ತಾರೆ, ಬಿಡುತ್ತಾರೆ. ಕಿರುಚುವುದಿಲ್ಲ. ಮೇಲಿನ ಸ್ಥಾಯಿಗೆ ಹಾರಿ ಚಪ್ಪಾಳೆ ಕೇಳುವುದಿಲ್ಲ. ತಾಳದ ಮೇಲೆ ಮಾತ್ರ ಕಣ್ಣು. ಅವರ ಹಿಂದೆ ಜಿಮ್ಮಿ ವುಡ್ ಬೇಸಿನಲ್ಲಿ ಒಂದೊಂದು ಏಟಿಗೂ ಒಂದೊಂದು ಸ್ವರ ಇಡುತ್ತಾ ನಡೆಯುತ್ತಾರೆ. ಸ್ಯಾಮ್ ವುಡ್‌ಯಾರ್ಡ್ ಎರಡನೇ ಮತ್ತು ನಾಲ್ಕನೇ ಏಟಿಗೆ ಡ್ರಮ್ಮಿನ ಮೇಲೆ ಬಲವಾಗಿ ಹೊಡೆಯುತ್ತಾರೆ. ಎಲಿಂಗ್ಟನ್ ಪಿಯಾನೋದಲ್ಲಿ ಅಲ್ಲೊಂದು ಇಲ್ಲೊಂದು ಏಟು ಹಾಕಿ ಕೈ ತೆಗೆಯುತ್ತಾರೆ.

ಅಂದರೆ ನುಡಿಸುತ್ತಿರುವವರು ನಾಲ್ಕೇ ಜನ. ನಾಲ್ಕು ಟ್ರಂಪೆಟ್, ಮೂರು ಟ್ರೊಂಬೋನ್, ಉಳಿದ ನಾಲ್ಕು ಸ್ಯಾಕ್ಸೊಫೋನ್ ಮತ್ತು ಕ್ಲಾರಿನೆಟ್‌ನವರು ವಾದ್ಯ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಾರೆ. ಹನ್ನೊಂದು ಜನ! ಜಾನಿ ಹಾಜಸ್ ಅಂಥವರು, ಹ್ಯಾರಿ ಕಾರ್ನಿ ಅಂಥವರು, ಕ್ಲಾರ್ಕ್ ಟೆರಿ ಅಂಥವರು. ಒಬ್ಬೊಬ್ಬರೂ ಸ್ವಂತ ಬ್ಯಾಂಡ್ ಕಟ್ಟಬಲ್ಲವರು. ಬಿಗ್ ಬ್ಯಾಂಡಿನ ಇತಿಹಾಸದ ಅತಿ ಪ್ರಸಿದ್ಧ ಆರು ನಿಮಿಷದಲ್ಲಿ ಬಿಗ್ ಬ್ಯಾಂಡ್ ಒಂದು ಸ್ವರವನ್ನೂ ನುಡಿಸಿಲ್ಲ. ಇದು ನನ್ನ ತಲೆಗೆ ಹೊಳೆದ ದಿನದಿಂದ ಈ ಆಲ್ಬಂ ನನಗೆ ಬೇರೆಯೇ ಆಯಿತು.

ಅವರು ನುಡಿಸಲಿಲ್ಲ ನಿಜ, ಆದರೆ ಸುಮ್ನೆ ಕೂತಿರಲೂ ಇಲ್ಲ. ಕಿವಿಗೊಟ್ಟು ಕೇಳಿದರೆ ಒಂದೊಂದು ಸುತ್ತಿನ ಕೊನೆಗೂ ಬ್ಯಾಂಡಿನ ಕಡೆಯಿಂದ ಕೂಗು ಬರುತ್ತದೆ. ಎಲಿಂಗ್ಟನ್ ಅವರ ದನಿ ಎಲ್ಲರಿಗಿಂತ ಮೇಲೆ. ವೇದಿಕೆಯ ಅಂಚಿನಲ್ಲಿ, ಜನರಿಗೆ ಕಾಣದ ಜಾಗದಲ್ಲಿ ಡ್ರಮ್ಸ್ ವಾದಕ ಜೋ ಜೋನ್ಸ್ ಕೂತಿದ್ದರು. ಕೌಂಟ್ ಬೇಸಿ ಬ್ಯಾಂಡಿನ ತಾಳವನ್ನು ವರ್ಷಗಟ್ಟಲೆ ಹೊತ್ತವರು. ಅವತ್ತು ಬೇರೆ ಗುಂಪಿನ ಜೊತೆ ನುಡಿಸಿ ಆಗಿತ್ತು. ಕೈಯಲ್ಲಿ ಸುತ್ತಿದ ನ್ಯೂಸ್‌ಪೇಪರ್ ಹಿಡಿದುಕೊಂಡು ತಾಳಕ್ಕೆ ಸರಿಯಾಗಿ ಹೊಡೆಯುತ್ತಾ, ಬ್ಯಾಂಡಿನವರನ್ನು ಹುರಿದುಂಬಿಸುತ್ತಾ ಇದ್ದರು. ಆರನೇ ಏಳನೇ ಸುತ್ತಿನ ಸುಮಾರಿಗೆ ಮುಂದಿನ ಸಾಲಿನ ಬಾಕ್ಸ್ ಒಂದರಿಂದ ಕಪ್ಪು ಉಡುಪಿನ ಮಹಿಳೆಯೊಬ್ಬರು ಎದ್ದು ಕುಣಿಯಲು ಶುರು ಮಾಡಿದರು. ಅವರನ್ನು ನೋಡಿ ಇನ್ನಷ್ಟು ಜನ ಎದ್ದರು. ಹೊರಟಿದ್ದವರು ವಾಪಸ್ ಬಂದರು. ಏಳು ಸಾವಿರ ಜನರ ಆ ಗುಂಪು ಕುರ್ಚಿ ಬಿಟ್ಟು ನಿಂತಿತು. ಸೋಲೋ ನುಡಿಸುತ್ತಿದ್ದವರಿಗೆ ಜನ ಕಾಣುತ್ತಿದ್ದರೋ ಇಲ್ಲವೋ, ಗೊನ್ಸಾಲ್ವಿಸ್ ಕಣ್ಣು ಮುಚ್ಚಿ ಊದುವ ಮನುಷ್ಯ. ಆದರೆ ಎಲಿಂಗ್ಟನ್ ಅವರಿಗೆ ಕಾಣುತ್ತಿತ್ತು, ವುಡ್‌ಯಾರ್ಡ್‌ಗೆ ಕಾಣುತ್ತಿತ್ತು. ಕುಣಿಯುವವರಿಂದ ಡ್ರಮ್ಮಿಗೆ, ಡ್ರಮ್ಮಿನಿಂದ ಸ್ಯಾಕ್ಸಿಗೆ, ಸ್ಯಾಕ್ಸಿನಿಂದ ಮತ್ತೆ ಜನಕ್ಕೆ ಅದು ಸುತ್ತು ಹೊಡೆಯಿತು.

ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಚಪ್ಪರ ನನಗೆ ಇಲ್ಲಿ ನೆನಪಾಗುತ್ತದೆ. ಅಲ್ಲಿ ಒಂದು ಸಂಜೆ ತನಿ ಆವರ್ತನ ನಡೆದಿತ್ತು. ಮುಖ್ಯ ಗಾಯಕರು ಹಿರಿಯರು, ಆ ದಿನ ಅವರ ದನಿ ತುಂಬಾ ಚೆನ್ನಾಗಿತ್ತು. ತನಿ ಶುರುವಾದ ಮೇಲೆ ಅವರು ನೀರು ಕುಡಿದು ಒರಗಿ ಕೂರಲಿಲ್ಲ. ಮೃದಂಗದವರ ಕಡೆ ಪೂರ್ತಿ ತಿರುಗಿ ಕೂತು, ತೊಡೆಯ ಮೇಲೆ ದೊಡ್ಡದಾಗಿ ತಾಳ ಹಾಕಲು ಶುರು ಮಾಡಿದರು. ಪಿಟೀಲಿನವರೂ ಕಮಾನು ಕೆಳಗಿಟ್ಟು ತಾಳ ಹಾಕಿದರು. ನನ್ನ ಪಕ್ಕದ ಕುರ್ಚಿಯ ಅಜ್ಜ, ಮುಂದಿನ ಸಾಲಿನ ಇಬ್ಬರು ಹುಡುಗಿಯರು, ಹಿಂದೆ ನಿಂತಿದ್ದ ಕಾಫಿ ಮಾರುವವನು, ಎಲ್ಲರ ಕೈಯೂ ಒಟ್ಟಿಗೆ ಬೀಳುತ್ತಿತ್ತು. ಮೃದಂಗದವರು ಒಂದು ಲೆಕ್ಕ ಎತ್ತಿಕೊಂಡು ತುಂಬಾ ದೂರ ಹೋದರು. ಇನ್ನೇನು ತಪ್ಪುತ್ತದೆ ಅನ್ನುವಾಗ ಸರಿಯಾಗಿ ಸಮಕ್ಕೆ ಬಂದು ಇಳಿದರು. ಗಾಯಕರು “ಭಲೇ!” ಅಂದದ್ದು ಮೈಕಿಲ್ಲದೆ ಹಿಂದಿನ ಸಾಲಿಗೂ ಕೇಳಿತು. ಆ ಹತ್ತು ಹದಿನೈದು ನಿಮಿಷ ಗಾಯಕರು ಒಂದು ಸ್ವರ ಹಾಡಲಿಲ್ಲ. ಆದರೆ ಅವರು ಬೇರೆ ಕಡೆ ನೋಡುತ್ತಾ ಕೂತಿದ್ದರೆ ಆ ಮೃದಂಗ ಹಾಗೆ ನುಡಿಯುತ್ತಿತ್ತಾ? ನನಗಂತೂ ಹಾಗೆ ಅನ್ನಿಸುವುದಿಲ್ಲ. ನ್ಯೂಪೋರ್ಟಿನ ಹನ್ನೊಂದು ಜನ ಮಾಡಿದ್ದೂ ಇದನ್ನೇ. ಗೊನ್ಸಾಲ್ವಿಸ್ 27 ಸುತ್ತು ಹೋಗಲು ಅವರು ಹಿಡಿದುಕೊಂಡು ಕೂತಿದ್ದ ಜಾಗ ಬೇಕಿತ್ತು.

ಸೋಲೋ ಮುಗಿದ ಮೇಲೆ ಎಲಿಂಗ್ಟನ್ ಪಿಯಾನೋದಲ್ಲಿ ಸ್ವಲ್ಪ ಹೊತ್ತು ಬಿಸಿ ಕಾಯ್ದುಕೊಂಡು, ಆಮೇಲೆ ಬ್ಯಾಂಡನ್ನು ಕರೆಯುತ್ತಾರೆ. ಕ್ಲಾರಿನೆಟ್ಟುಗಳು ಕೆಳದನಿಯಲ್ಲಿ ಶುರು ಮಾಡುತ್ತವೆ. ಆರು ನಿಮಿಷ ಬಾಯಿ ಕಟ್ಟಿಕೊಂಡಿದ್ದವರು ಒಬ್ಬೊಬ್ಬರಾಗಿ ಸೇರುತ್ತಾರೆ. ಕೊನೆಗೆ ಕ್ಯಾಟ್ ಆಂಡರ್ಸನ್ ಅವರ ಟ್ರಂಪೆಟ್ ಮನುಷ್ಯರ ಕಿವಿ ತಾಳುವ ಮಟ್ಟಕ್ಕೆ ಏರಿ ನಿಲ್ಲುತ್ತದೆ. 1937ರಲ್ಲಿ ಬರೆದ ಅವೇ ಸ್ವರಗಳು. ಆದರೆ ನಡುವಿನ ಆ ಮೌನ ಇಲ್ಲದಿದ್ದರೆ ಈ ಏರಿಕೆಗೆ ಇಷ್ಟು ಬಲ ಬರುತ್ತಿರಲಿಲ್ಲ.

ಎರಡು ಮೈಕ್

ಈಗ ಗೆಳೆಯನ ಪ್ರಶ್ನೆಗೆ ಬರೋಣ. ಮೈಕ್ ಕೊಟ್ಟಿದ್ದರು. ಒಂದಲ್ಲ, ಎರಡು. ಒಂದು ಕೊಲಂಬಿಯಾದವರದ್ದು, ಇನ್ನೊಂದು ವಾಯ್ಸ್ ಆಫ್ ಅಮೆರಿಕ ರೇಡಿಯೋದವರದ್ದು. ರೇಡಿಯೋದವರು ಹೊರದೇಶಗಳಿಗೆ ಪ್ರಸಾರ ಮಾಡಲು ಬೇರೆಯಾಗಿಯೇ ರೆಕಾರ್ಡ್ ಮಾಡಿಕೊಳ್ಳುತ್ತಿದ್ದರು. ಗೊನ್ಸಾಲ್ವಿಸ್ ಎದ್ದು ಬಂದು ನಿಂತದ್ದು ರೇಡಿಯೋದವರ ಮೈಕಿನ ಮುಂದೆ. ಹಾಗಾಗಿ ಕೊಲಂಬಿಯಾ ಟೇಪಿಗೆ ಸಿಕ್ಕಿದ್ದು ಪಕ್ಕದಿಂದ ಸೋರಿ ಬಂದ ದನಿ ಮಾತ್ರ. ಅದೇ ಟೇಪಿನಿಂದ ಎಲ್ಪಿ ಆಯಿತು. ಲಕ್ಷಾಂತರ ಮನೆಗಳಿಗೆ ಹೋದದ್ದು ಆ ದೂರದ ಸ್ಯಾಕ್ಸೊಫೋನ್.

ಹಾಗಾದರೆ ಮೊದಲ ಬದಿ ಅಷ್ಟು ಅಚ್ಚುಕಟ್ಟಾಗಿ ಕೇಳುವುದು ಹೇಗೆ? ಅದನ್ನು ಜುಲೈ 9, ಸೋಮವಾರ ನ್ಯೂಯಾರ್ಕಿನ ಸ್ಟುಡಿಯೋದಲ್ಲಿ ಮತ್ತೆ ನುಡಿಸಿದ್ದರು. ಹೊಸ ಸ್ವೀಟಿಗೆ ಸರಿಯಾಗಿ ಅಭ್ಯಾಸ ಆಗಿರಲಿಲ್ಲ, ವೇದಿಕೆಯಲ್ಲಿ ಅಲ್ಲಲ್ಲಿ ಎಡವಿದ್ದರು. ಎಲಿಂಗ್ಟನ್ ಅವರಿಗೆ ಅದನ್ನು ಹಾಗೇ ಹೊರಗೆ ಬಿಡಲು ಮನಸ್ಸಿರಲಿಲ್ಲ. ಹಾಜಸ್ ಅವರ ‘ಜೀಪ್ಸ್ ಬ್ಲೂಸ್’ ಕೂಡ ಸ್ಟುಡಿಯೋದಲ್ಲಿ ಮಾಡಿದ್ದೇ. ಆಮೇಲೆ ಅದರ ಮೇಲೆ ಚಪ್ಪಾಳೆ, ಕೂಗು ಎಲ್ಲ ಸೇರಿಸಿದರು. ಒಟ್ಟು ಆಲ್ಬಂನಲ್ಲಿ ನಿಜವಾಗಿ ನ್ಯೂಪೋರ್ಟಿನದ್ದು ನೂರಕ್ಕೆ ಸುಮಾರು 40 ಭಾಗ ಅಂತ ಹೇಳುತ್ತಾರೆ. ಆದರೂ ಎಲಿಂಗ್ಟನ್ ಅವರ ಜೀವನದಲ್ಲೇ ಅತಿ ಹೆಚ್ಚು ಮಾರಾಟವಾದ ಆಲ್ಬಂ ಇದು. ಆಗಸ್ಟ್ 20ರ ‘ಟೈಮ್’ ಪತ್ರಿಕೆಯ ಮುಖಪುಟದಲ್ಲಿ ಅವರ ಚಿತ್ರ ಬಂತು. ನಾನು ಹುಟ್ಟಿದ್ದೇ 1956ರಲ್ಲಿ ನ್ಯೂಪೋರ್ಟಿನಲ್ಲಿ ಅಂತ ಅವರು ಆಮೇಲೆ ಹೇಳಿಕೊಳ್ಳುತ್ತಿದ್ದರು.

ಈ ಸಂಗತಿ ಗೊತ್ತಾದಾಗ ನನಗೆ ಸಿಟ್ಟು ಬಂತು. ಚಪ್ಪಾಳೆ ಸೇರಿಸುವುದು ಅಂದರೆ ಏನು? ಸ್ವರ ತಪ್ಪಾದರೆ ತಿದ್ದಿಕೊಳ್ಳುವುದು ಕಲಾವಿದರ ಹಕ್ಕು, ಅದನ್ನು ಒಪ್ಪುತ್ತೇನೆ. ಅದಕ್ಕಾಗಿ ಸ್ಟುಡಿಯೋಗೆ ಹೋದರೆ ಸ್ಟುಡಿಯೋದಲ್ಲಿ ಮಾಡಿದ್ದು ಅಂತ ಹೇಳಬಹುದಿತ್ತು. ಕೇಳುಗರ ಪ್ರತಿಕ್ರಿಯೆಯನ್ನು ಕತ್ತರಿಸಿ ಅಂಟಿಸುವುದು ಬೇರೆ ವಿಷಯ. ಅದು ನನ್ನಂಥ ಕೇಳುಗರ ಪರವಾಗಿ ಯಾರೋ ಸಹಿ ಹಾಕಿದಂತೆ. ಆ ಕಾಲದ ತೊಂದರೆಗಳನ್ನೂ ನೆನೆಯಬೇಕು ನಿಜ. ಬಯಲಲ್ಲಿ, ರಾತ್ರಿ, ಹದಿನೈದು ವಾದ್ಯಗಳ ಗುಂಪನ್ನು ಬೆರಳೆಣಿಕೆಯ ಮೈಕುಗಳಲ್ಲಿ ಹಿಡಿಯುವುದು ಸುಲಭವಲ್ಲ. ಬ್ಯಾಂಡ್ ಉಳಿಯಬೇಕಾದರೆ ಒಂದು ಗೆಲುವು ಬೇಕಿತ್ತು, ಅದನ್ನು ಕೈ ಬಿಡುವ ಸ್ಥಿತಿಯಲ್ಲಿ ಎಲಿಂಗ್ಟನ್ ಇರಲಿಲ್ಲ. ಇದೆಲ್ಲ ಗೊತ್ತಿದ್ದೂ ಆ ಅಂಟಿಸಿದ ಚಪ್ಪಾಳೆಯನ್ನು ನಾನು ಇವತ್ತಿಗೂ ಒಪ್ಪಲಾರೆ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಅವರು ಸ್ವೀಟನ್ನು ಮತ್ತೆ ನುಡಿಸಿದರು, ಹಾಜಸ್ ಅವರ ಹಾಡನ್ನು ಮತ್ತೆ ನುಡಿಸಿದರು. ಎಲ್ಲಕ್ಕಿಂತ ಕೆಟ್ಟದಾಗಿ ರೆಕಾರ್ಡ್ ಆಗಿದ್ದ ಗೊನ್ಸಾಲ್ವಿಸ್ ಸೋಲೋವನ್ನು ಮಾತ್ರ ಹಾಗೇ ಬಿಟ್ಟರು. ಸ್ಟುಡಿಯೋ ಇತ್ತು, ಗೊನ್ಸಾಲ್ವಿಸ್ ಇದ್ದರು, ಬೇಕಾದರೆ ಇನ್ನೊಂದು 27 ಸುತ್ತು ಊದಿಸಬಹುದಿತ್ತು. ಊದಿಸಿದರೂ ಅದು ಆಗುವುದಿಲ್ಲ ಅಂತ ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು ಅಂತ ನನ್ನ ನಂಬಿಕೆ. ಸ್ವರ ಮತ್ತೆ ಬರುತ್ತದೆ. ನ್ಯೂಸ್‌ಪೇಪರಿನ ಏಟು, ಎದ್ದು ನಿಂತ ಜನ, ಮಡಿಲಲ್ಲಿ ವಾದ್ಯ ಇಟ್ಟುಕೊಂಡು ಕೂಗುವ ಹನ್ನೊಂದು ಜನ ಮತ್ತೆ ಬರುವುದಿಲ್ಲ.

ಸಿಕ್ಕಿದ ಟೇಪು

1996ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ವಾಯ್ಸ್ ಆಫ್ ಅಮೆರಿಕದ ಆ ಟೇಪು ಸಿಕ್ಕಿತು. ಅದರಲ್ಲಿ ಗೊನ್ಸಾಲ್ವಿಸ್ ಮೈಕಿಗೆ ನೇರವಾಗಿ ಊದಿದ್ದು ಇತ್ತು. ಜಾಝ್ ಇತಿಹಾಸಕಾರ ಫಿಲ್ ಶಾಪ್ ಎರಡು ಟೇಪನ್ನೂ ಸೇರಿಸುವ ಕೆಲಸಕ್ಕೆ ಇಳಿದರು. ಎರಡೂ ಮೋನೋ ಟೇಪುಗಳು, ಅಂದರೆ ಎಡ ಬಲ ಅಂತ ಬೇರೆ ಮಾಡದೆ ಒಂದೇ ದನಿಯಾಗಿ ಹಿಡಿದವು, ಆದರೆ ಒಂದೇ ವೇದಿಕೆಯ ಬೇರೆ ಬೇರೆ ಜಾಗದಿಂದ ತೆಗೆದವು. ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಇಟ್ಟರೆ ಸ್ಟೀರಿಯೋ ಆಗುತ್ತದೆ. ಹೇಳುವುದು ಸುಲಭ. ಎರಡು ಯಂತ್ರಗಳಲ್ಲಿ ಓಡಿದ ಟೇಪುಗಳ ವೇಗ ಒಂದೇ ಥರ ಇರುವುದಿಲ್ಲ. ಎರಡನ್ನೂ ಡಿಜಿಟಲ್ ಆಗಿ ಹೊಂದಿಸಿ ಕೂರಿಸಬೇಕು. 1999ರಲ್ಲಿ, ಎಲಿಂಗ್ಟನ್ ಹುಟ್ಟಿ ನೂರು ವರ್ಷ ತುಂಬಿದಾಗ, ಇಡೀ ಕಾರ್ಯಕ್ರಮ ಎರಡು ಸಿಡಿಗಳಲ್ಲಿ ಹೊರಗೆ ಬಂತು. ಹಳೆಯ ಸ್ಟುಡಿಯೋ ಭಾಗಗಳನ್ನೂ ಬೇರೆಯಾಗಿ ಅದರಲ್ಲಿ ಇಟ್ಟಿದ್ದಾರೆ. ಇದು ತುಂಬಾ ಪ್ರಾಮಾಣಿಕವಾದ ಕೆಲಸ.

ಅದನ್ನು ಮೊದಲ ಸಲ ಹಾಕಿದಾಗ ಗೊನ್ಸಾಲ್ವಿಸ್ ನನ್ನ ಮುಂದೆಯೇ ಬಂದು ನಿಂತರು. ಉಸಿರು ಎಳೆದುಕೊಳ್ಳುವ ಜಾಗಗಳು, ಸ್ವರದ ಅಂಚಿನ ಒರಟು, ಕೆಳಗಿನ ಸ್ವರಗಳ ಮೆತ್ತನೆಯ ದಪ್ಪ, ಎಲ್ಲ ಇತ್ತು. ಹಳೆಯ ರೆಕಾರ್ಡಿನಲ್ಲಿ ಅವರು ಒಂದೇ ಸಮ ಊದುತ್ತಿದ್ದಾರೆ ಅನ್ನಿಸುತ್ತಿತ್ತು. ಈಗ ಒಂದೊಂದು ಸುತ್ತಿಗೂ ಅವರು ಹೊಸದಾಗಿ ಏನೋ ಶುರು ಮಾಡುವುದು ಕೇಳುತ್ತದೆ. ಸ್ವೀಟಿನ ಅಸಲಿ ರೂಪವನ್ನೂ ಕೇಳಿದೆ. ಎಡವುವ ಜಾಗಗಳಿವೆ, ಎಲಿಂಗ್ಟನ್ ಸುಮ್ಮನೆ ಬೇಜಾರಾಗಿರಲಿಲ್ಲ. ಆದರೂ ನನಗೆ ಅದೇ ಇಷ್ಟ. ಹೊಸ ರಚನೆಯನ್ನು ಮೊದಲ ಸಲ ಜನರ ಮುಂದೆ ಇಡುವವರ ಎಚ್ಚರ ಅದರಲ್ಲಿದೆ, ಸ್ಟುಡಿಯೋ ರೂಪದಲ್ಲಿ ಅದಿಲ್ಲ.

ಹೊಸದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು 27 ಸುತ್ತಿನ ನಂತರದ ಭಾಗ. ಜನ ಕೂಗು ನಿಲ್ಲಿಸುವುದೇ ಇಲ್ಲ. ಗಲಾಟೆ ಆಗಿಬಿಡುತ್ತದೆ ಅಂತ ಉತ್ಸವದವರಿಗೆ ಹೆದರಿಕೆ. ನಿಲ್ಲಿಸಿ ಅಂತ ವೈನ್ ಹೇಳುತ್ತಿದ್ದಾರೆ, ಎಲಿಂಗ್ಟನ್ ಕಲಾವಿದರಿಗೆ ಅಗೌರವ ಮಾಡಬೇಡಿ ಅನ್ನುತ್ತಾರೆ. ಹಾಜಸ್ ಅವರನ್ನು ಮುಂದೆ ಕರೆಯುತ್ತಾರೆ. ‘ಐ ಗಾಟ್ ಇಟ್ ಬ್ಯಾಡ್’ ಶುರುವಾಗುತ್ತದೆ, ನಿಧಾನ. ಏಳು ಸಾವಿರ ಜನರ ಆವೇಶವನ್ನು ಒಂದು ಆಲ್ಟೊ ಸ್ಯಾಕ್ಸೊಫೋನ್ ಕೆಳಗೆ ಇಳಿಸುತ್ತದೆ. ಜನರನ್ನು ಎಬ್ಬಿಸುವುದು ಗೊತ್ತಿದ್ದವರು ಬೇಕಾದಷ್ಟು ಸಿಗುತ್ತಾರೆ. ಹೀಗೆ ಕೂರಿಸುವುದು ಗೊತ್ತಿದ್ದ ಮುಖಂಡ ಅಪರೂಪ. ಯಾವ ಹೊತ್ತಿಗೆ ಬ್ಯಾಂಡಿನ ಯಾರನ್ನು ಎಬ್ಬಿಸಬೇಕು, ಯಾರನ್ನು ಸುಮ್ಮನಿರಿಸಬೇಕು ಅನ್ನುವುದೇ ಎಲಿಂಗ್ಟನ್ ಅವರ ನಿಜವಾದ ವಾದ್ಯ ಅಂತ ನನಗೆ ಆಗ ಖಾತ್ರಿಯಾಯಿತು.

ಗೊನ್ಸಾಲ್ವಿಸ್

ಈ ಮನುಷ್ಯನ ಬಗ್ಗೆ ಎರಡು ಮಾತು ಹೇಳದೆ ಹೋಗಲಾರೆ. 1920ರಲ್ಲಿ ಮ್ಯಾಸಚೂಸೆಟ್ಸ್‌ನ ಬ್ರಾಕ್ಟನ್‌ನಲ್ಲಿ ಹುಟ್ಟಿದವರು. ಮನೆಯವರ ಮೂಲ ಆಫ್ರಿಕದ ಪಶ್ಚಿಮಕ್ಕಿರುವ ಕೇಪ್ ವರ್ಡ್ ದ್ವೀಪಗಳು. ಕೌಂಟ್ ಬೇಸಿ, ಡಿಜ್ಜಿ ಗಿಲೆಸ್ಪಿ ಬ್ಯಾಂಡುಗಳಲ್ಲಿ ಇದ್ದು, 1950ರಲ್ಲಿ ಎಲಿಂಗ್ಟನ್ ಹತ್ತಿರ ಬಂದರು. ಕೊನೆಯವರೆಗೂ ಅಲ್ಲೇ ಇದ್ದರು. ನ್ಯೂಪೋರ್ಟ್ ಆದ ಮೇಲೆ ಹೋದಲ್ಲೆಲ್ಲ ಅದನ್ನೇ ನುಡಿಸಿ ಅಂತ ಜನ ಕೇಳಿದರು. ವರ್ಷಗಟ್ಟಲೆ ನುಡಿಸಿದರು. ಅವರ ಮನಸ್ಸು ಮೆಲುದನಿಯ ಹಾಡುಗಳಲ್ಲಿತ್ತು, ಆದರೆ ಅವರ ಹೆಸರಿಗೆ ಅಂಟಿದ್ದು ಆ ಆರು ನಿಮಿಷ. ಇದನ್ನು ಅನ್ಯಾಯ ಅಂತ ಕರೆಯಬೇಕೋ ಭಾಗ್ಯ ಅಂತ ಕರೆಯಬೇಕೋ ನನಗೆ ತೀರ್ಮಾನ ಮಾಡಲು ಆಗಿಲ್ಲ. 1974ರ ಮೇ 15ರಂದು ಅವರು ಲಂಡನ್‌ನಲ್ಲಿ ತೀರಿಕೊಂಡರು. ಎಲಿಂಗ್ಟನ್ ಆಗ ನ್ಯೂಯಾರ್ಕಿನ ಆಸ್ಪತ್ರೆಯಲ್ಲಿದ್ದರು. ಅವರಿಗೆ ಈ ಸುದ್ದಿ ಹೇಳಲಿಲ್ಲ. ಮೇ 24ರಂದು ಅವರೂ ಹೋದರು.

ಅವರ ಮೆಲುದನಿ ಕೇಳಬೇಕು ಅನ್ನುವವರಿಗೆ ನಮ್ಮ ಕಡೆಯ ನಂಟಿರುವ ಒಂದು ದಾರಿ ಇದೆ. 1963ರಲ್ಲಿ ಅಮೆರಿಕ ಸರ್ಕಾರ ಈ ಬ್ಯಾಂಡನ್ನು ಪಶ್ಚಿಮ ಏಷ್ಯಾ ಮತ್ತು ಭಾರತದ ಪ್ರವಾಸಕ್ಕೆ ಕಳಿಸಿತ್ತು. ಅದರ ನೆನಪಿನಿಂದ ಎಲಿಂಗ್ಟನ್ ಮತ್ತು ಸ್ಟ್ರೇಹಾರ್ನ್ ‘ಫಾರ್ ಈಸ್ಟ್ ಸ್ವೀಟ್’ ಬರೆದರು, 1966ರಲ್ಲಿ ರೆಕಾರ್ಡ್ ಮಾಡಿದರು. ಅದರಲ್ಲಿ ದೆಹಲಿಯ ಮೈನಾ ಹಕ್ಕಿಯ ಕೂಗಿನಿಂದ ಹುಟ್ಟಿದ ಒಂದು ಹಾಡಿದೆ, ಜಿಮ್ಮಿ ಹ್ಯಾಮಿಲ್ಟನ್ ಕ್ಲಾರಿನೆಟ್ಟಿನಲ್ಲಿ. ಆಗ್ರಾ ಹೆಸರಿನದ್ದೂ ಒಂದಿದೆ. ‘ಮೌಂಟ್ ಹರೀಸಾ’ದಲ್ಲಿ ಗೊನ್ಸಾಲ್ವಿಸ್ ನುಡಿಸುವುದನ್ನು ಕೇಳಿ. ಕದ್ರಿ ಗೋಪಾಲನಾಥರ ಕೈಯಲ್ಲಿ ಸ್ಯಾಕ್ಸೊಫೋನ್ ಗಮಕ ಹಿಡಿಯುವುದನ್ನು ಕೇಳಿ ಬೆಳೆದ ನಮ್ಮ ಕಿವಿಗೆ ಗೊನ್ಸಾಲ್ವಿಸ್ ಸ್ವರದಿಂದ ಸ್ವರಕ್ಕೆ ಜಾರುವ ರೀತಿ ಬೇಗ ಹತ್ತಿರವಾಗುತ್ತದೆ.

ನ್ಯೂಪೋರ್ಟ್ ಆಲ್ಬಂ ಇನ್ನೂ ಕೇಳದವರು 1999ರ ರೂಪವನ್ನೇ ಹುಡುಕಿ, ಹೆಸರಿನಲ್ಲಿ ‘ಕಂಪ್ಲೀಟ್’ ಅಂತ ಇರುತ್ತದೆ. ನೇರವಾಗಿ 27 ಸುತ್ತಿಗೆ ಹಾರಬೇಡಿ. ಅದರ ಹಿಂದಿನ ‘ಡೇ ಇನ್, ಡೇ ಔಟ್’ನಿಂದ ಶುರು ಮಾಡಿ. ಆಗ ಅಲ್ಲಿ ಕೂತಿದ್ದವರಿಗೆ ಮುಂದೇನು ಬರುತ್ತದೆ ಅಂತ ಗೊತ್ತಿರಲಿಲ್ಲ. ಹೆಡ್‌ಫೋನ್ ಇದ್ದರೆ ಹಾಕಿಕೊಳ್ಳಿ. ಸೋಲೋ ಶುರುವಾದ ಮೇಲೆ ಸ್ಯಾಕ್ಸೊಫೋನನ್ನು ಒಂದು ಸಲ ಪೂರ್ತಿ ಕೇಳಿ. ಎರಡನೇ ಸಲ ಅದನ್ನು ಬಿಟ್ಟು, ಹಿಂದೆ ಯಾರು ಯಾವಾಗ ಕೂಗುತ್ತಾರೆ ಅನ್ನುವುದನ್ನು ಮಾತ್ರ ಕೇಳಿ.